ಮುಳ್ಳು ಕಾಣಲಿಲ್ಲ ಅಂದಮಾತ್ರಕ್ಕೆ ಮುಜಂಟಿ ಅಲ್ಲ: ಅಂಬರ್ ಜೇನಿನ ಪೋಸ್ಟಿಗೆ ಉತ್ತರ

ಸರ್, ಅಂಬರಿನಲ್ಲಿ (ಮರದ ರಾಳ ಗಟ್ಟಿಯಾಗಿ ಪಳೆಯುಳಿಕೆ ಆದದ್ದು) ಸಿಕ್ಕಿದ ನಿಮ್ಮ ಜೇನುಹುಳ ಚೆನ್ನಾಗಿದೆ, ಫೋಟೋನೂ ಪರವಾಗಿಲ್ಲ. ಆದರೆ ಪೋಸ್ಟಿನ ಮೂರು ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಮುಳ್ಳಿಲ್ಲ, ಹಾಗಾಗಿ ಮುಜಂಟಿ (ಕುಟುಕದ ಜೇನು) ಗುಂಪು ಅಂದಿದ್ದೀರಿ. ಅಸಿಟೋನ್ ಹಾಕಿ ಒರೆಸಿದೆ ಅಂದಿದ್ದೀರಿ. ಹೊಸ ಪ್ರಭೇದ, ಅಮ್ಮನ ಹೆಸರಿಟ್ಟಾಯಿತು ಅಂದಿದ್ದೀರಿ. ಪಳೆಯುಳಿಕೆ ಹುಳ ಕೈಗೆ ಸಿಕ್ಕ ಪ್ರತಿಯೊಬ್ಬರೂ ಎಡವುವ ಜಾಗಗಳು ಇವೇ.

ಅಸಿಟೋನ್ ವಿಷಯ ಮೊದಲು, ಅದು ಈಗಲೇ ನಿಲ್ಲಬೇಕು. ತುಣುಕು ಸೂರತ್ ಜಿಲ್ಲೆಯ ತಾಡಕೇಶ್ವರ ಲಿಗ್ನೈಟ್ ಗಣಿಯದು ಅಂತ ಬರೆದಿದ್ದೀರಿ. ಅಂದರೆ ಕ್ಯಾಂಬೇ ಅಂಬರ್, ಈಯೋಸೀನ್ ಕಾಲದ ಶುರುವಿನದು, 5 ಕೋಟಿ ವರ್ಷ ದಾಟಿದ್ದು. ಡಿಪ್ಟೆರೊಕಾರ್ಪ್ ಮರಗಳ ರಾಳ ಅದು, ರಾಸಾಯನಿಕ ರಚನೆ ನೋಡಿ ಮಾಡಿದ ವರ್ಗಗಳಲ್ಲಿ ಕ್ಯಾಡಿನೀನ್ ಮೂಲದ ಎರಡನೇ ವರ್ಗದ್ದು. ಬಾಲ್ಟಿಕ್ ಅಂಬರಿನ ಹಾಗೆ ಅದರ ಅಣುಗಳು ಬಿಗಿಯಾಗಿ ಹೆಣೆದುಕೊಂಡಿಲ್ಲ. ಟೊಲೀನ್ ಅಥವಾ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಹುಳವನ್ನು ಇಡಿಯಾಗಿ ಹೊರಗೆ ತೆಗೆದಿದ್ದಾರೆ, ಅಷ್ಟು ಕರಗುವ ವಸ್ತು. ಯೂಟ್ಯೂಬಿನಲ್ಲಿ ತೋರಿಸುವ 'ಅಸಿಟೋನ್ ಹಾಕಿದರೆ ಅಂಟಾಗುವುದು ಕೋಪಾಲ್ (ಇನ್ನೂ ಅಂಬರ್ ಆಗದ ಎಳೆಯ ರಾಳ), ಅಂಟಾಗದ್ದು ಅಸಲಿ ಅಂಬರ್' ಪರೀಕ್ಷೆ ಬಾಲ್ಟಿಕ್ ಮಾಲಿಗೆ ಮಾಡಿಕೊಂಡದ್ದು. ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ಅಂಟಾಯಿತಲ್ಲ, ಕೋಪಾಲ್, ಬಿಸಾಕಿ" ಅಂದಿದ್ದಾರೆ. ದಯವಿಟ್ಟು ಬಿಸಾಕಬೇಡಿ. ಆ ಪರೀಕ್ಷೆಯಿಂದ ಇಲ್ಲಿ ಏನೂ ತೀರ್ಮಾನ ಆಗುವುದಿಲ್ಲ. ಬಿಸಿ ಸೂಜಿ ಪರೀಕ್ಷೆಯಂತೂ ಮಾಡಲೇಬೇಡಿ. ಧೂಳು ತೆಗೆಯಲು ಶುದ್ಧ ನೀರು, ಮೆತ್ತನೆಯ ಬ್ರಷ್ ಸಾಕು.

ಅಸಲಿಯೋ ಅಲ್ಲವೋ ಅನ್ನುವುದಕ್ಕೆ ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ರಾಳದ ರಾಸಾಯನಿಕ ಗುರುತು ಹಿಡಿಯುವ ಪರೀಕ್ಷೆ) ಮಾಡಿಸಿ, ಹುಳದಿಂದ ದೂರದ ಮೂಲೆಯ ಒಂದು ಚೂರು ಸಾಕು. ಮಡಗಾಸ್ಕರ್, ಪೂರ್ವ ಆಫ್ರಿಕಾದ ಕೋಪಾಲ್ ಬೇರೆ ವರ್ಗದ ರಾಳವಾದ್ದರಿಂದ ಗ್ರಾಫಿನಲ್ಲೇ ಬೇರೆ ಕಾಣುತ್ತದೆ. ಒಂದು ಎಚ್ಚರಿಕೆ: ಇವತ್ತಿನ ಡಮ್ಮಾರ್ ರಾಳವೂ ಎರಡನೇ ವರ್ಗದ್ದೇ, ನಮ್ಮ ಘಟ್ಟದ ಧೂಪದ ಮರವೂ (ವಟೇರಿಯಾ ಇಂಡಿಕಾ) ಡಿಪ್ಟೆರೊಕಾರ್ಪೇ. ಹಾಗಾಗಿ ಗ್ರಾಫ್ ಒಂದೇ ಸಾಲದು. ಯಾವ ಗಣಿ, ಯಾವ ಪದರ, ಯಾರು ತೆಗೆದರು, ಯಾವಾಗ ಅನ್ನುವ ಚೀಟಿ ತುಣುಕಿನ ಜೊತೆಗೇ ಇರಬೇಕು. ಅಂಗಡಿಯವನು ಬಾಯಲ್ಲಿ ಹೇಳಿದ್ದು ದಾಖಲೆ ಆಗುವುದಿಲ್ಲ. ಇದು ಅತಿಯಾಯಿತು ಅನ್ನಿಸಿದರೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ 'ಪಿಲ್ಟ್‌ಡೌನ್ ನೊಣ' ನೆನಪಿಸಿಕೊಳ್ಳಿ. ಯಾರೋ ಬಾಲ್ಟಿಕ್ ಅಂಬರನ್ನು ಎರಡು ಹೋಳು ಮಾಡಿ, ಕೊರೆದು, ಈಗಿನ ಕಾಲದ ನೊಣ ಇಟ್ಟು ಅಂಟಿಸಿದ್ದರು. 1966ರಲ್ಲಿ ಹೆನ್ನಿಗ್ ಅವರಂಥ ವರ್ಗೀಕರಣದ ಗುರುವೇ ಅದನ್ನು ನಿಜವಾದ ಪಳೆಯುಳಿಕೆ ಅಂತ ನಂಬಿ ಫ್ಯಾನಿಯಾ ಸ್ಕೇಲಾರಿಸ್ ಎಂದು ಗುರುತಿಸಿದರು. ಮೋಸ ಬಯಲಾದದ್ದು 1990ರ ದಶಕದಲ್ಲಿ. ತುಣುಕಿನ ಸುತ್ತ ಕೂದಲೆಳೆಯಂಥ ಅಂಟಿನ ಗೆರೆ ಇದೆಯಾ ಅಂತ ಪಕ್ಕದಿಂದ ಬೆಳಕು ಬಿಟ್ಟು ನೋಡಿ.

ಈಗ ಮುಳ್ಳಿನ ವಿಷಯ. ಜೇನಿನ ಮುಳ್ಳು ಹೊಟ್ಟೆಯ ತುದಿಯೊಳಗೆ ಅಡಗಿರುತ್ತದೆ. ಅಂಬರಿನಲ್ಲಿ ಹೊರಗೆ ಚಾಚಿಕೊಂಡಿದ್ದರೆ ಅದೃಷ್ಟ, ಇಲ್ಲದಿದ್ದರೆ ತುಡುವೆ ಜೇನಿನಲ್ಲೂ ಕಾಣುವುದಿಲ್ಲ. ನಿಮಗೆ ಮುಳ್ಳು ಕಂಡಿಲ್ಲ, ಅಷ್ಟೆ. ಅದು ಇಲ್ಲ ಅಂತ ಹೇಳಲು ನಿಮ್ಮ ಬಳಿ ಆಧಾರ ಇಲ್ಲ.

ಇದಕ್ಕೇ ನಾನು ಎಲ್ಲರಿಗೂ ಹೇಳುವುದು: ಒಂದು ವಾಕ್ಯ ವಿವರಣೆ ಬರೆಯುವ ಮೊದಲು ಲಕ್ಷಣಗಳ ಪಟ್ಟಿ ಮಾಡಿ. ಎಕ್ಸೆಲ್ ಸಾಕು. ಎಡಗಡೆ ಲಕ್ಷಣಗಳು, ಮೇಲೆ ನಿಮ್ಮ ಮಾದರಿ ಮತ್ತು ಅದಕ್ಕೆ ಹತ್ತಿರದ ಪ್ರತಿ ಕುಲ. ನಿಮ್ಮ ಮಾದರಿಯ ಕಾಲಮ್ಮಿನಲ್ಲಿ ನಾಲ್ಕೇ ಉತ್ತರ ಇರಲಿ: (1) ಇದೆ; (2) ಆ ಜಾಗ ಪೂರ್ತಿ ಕಾಣುತ್ತದೆ, ಅಲ್ಲಿ ಇಲ್ಲ; (3) ಆ ಜಾಗವೇ ಕಾಣುತ್ತಿಲ್ಲ; (4) ಕಾಣುತ್ತದೆ, ಆದರೆ ನಂಬಿಕೆ ಇಲ್ಲ. ಕೊನೆಯ ಎರಡಕ್ಕೂ ಪ್ರಶ್ನೆಚಿಹ್ನೆ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ: ಬಿಳಿ ಪೊರೆ, ಗುಳ್ಳೆ, ಬಿರುಕು, ಕಾಲಿನ ಮರೆ. ಪ್ರತಿ ಉತ್ತರದ ಎದುರು ಯಾವ ಫೋಟೋದಲ್ಲಿ ಕಂಡದ್ದು ಅಂತ ಫೈಲ್ ನಂಬರ್ ಇರಲಿ. ಪ್ರಶ್ನೆಚಿಹ್ನೆ ಹಾಕಬೇಕಾದ ಕಡೆ ಸೊನ್ನೆ (ಅಂದರೆ 'ಇಲ್ಲ') ಹಾಕಿದರೆ ಮುಂದೆ ಯಾರಾದರೂ ಕ್ಲಾಡಿಸ್ಟಿಕ್ (ವಂಶವೃಕ್ಷ ಕಟ್ಟುವ) ವಿಶ್ಲೇಷಣೆಗೆ ನಿಮ್ಮ ಪಟ್ಟಿ ಬಳಸಿದಾಗ ಹುಳ ಬೇರೆ ಕೊಂಬೆಗೆ ಹಾರುತ್ತದೆ. ಪ್ರೋಗ್ರಾಮಿಗೆ ಸೊನ್ನೆ ಅಂದರೆ ಸಾಕ್ಷಿ, ಪ್ರಶ್ನೆಚಿಹ್ನೆ ಅಂದರೆ ಖಾಲಿ ಜಾಗ.

ನಿಮ್ಮ ಹುಳದಲ್ಲಿ ನೋಡಬೇಕಾದದ್ದು ಇಷ್ಟು. ಮೊದಲು ಕುಡಿಮೀಸೆಯ ಗೆಣ್ಣು ಎಣಿಸಿ: ಒಟ್ಟು 12 ಇದ್ದರೆ ಹೆಣ್ಣು, 13 ಇದ್ದರೆ ಗಂಡು. ಗಂಡಾದರೆ ಪರಾಗಬುಟ್ಟಿ ಹುಡುಕಿ ತಲೆ ಕೆಡಿಸಿಕೊಳ್ಳುವುದು ದಂಡ. ಆಮೇಲೆ ಹಿಂಗಾಲು. ಟಿಬಿಯಾದ (ಮೊಣಕಾಲಿನ ಕೆಳಗಿನ ಭಾಗ) ಹೊರಮೈ ಬೋಳಾಗಿ, ಅಂಚಿಗೆ ಉದ್ದ ಕೂದಲಿದ್ದರೆ ಪರಾಗಬುಟ್ಟಿ. ಟಿಬಿಯಾದ ತುದಿಯಲ್ಲಿ ಒಳಗಡೆ ಸ್ಪರ್ (ಮುಳ್ಳಿನಂಥ ಚಾಚು) ಇದೆಯಾ? ಮುಜಂಟಿಗೂ ಏಪಿಸ್ ಕುಲಕ್ಕೂ (ತುಡುವೆ, ಹೆಜ್ಜೇನಿನ ಕುಲ) ಇರುವುದಿಲ್ಲ, ಬಂಬಲ್ ಬೀಗೆ ಇರುತ್ತದೆ. ಬೇಸಿಟಾರ್ಸಸ್ (ಟಿಬಿಯಾದ ಕೆಳಗೆ ಪಾದದ ಮೊದಲ ಗೆಣ್ಣು) ಬುಡದಲ್ಲಿ ಪರಾಗ ಒತ್ತುವ ಆರಿಕಲ್ ಇದೆಯಾ? ಮುಜಂಟಿಯಲ್ಲಿ ಇಲ್ಲ. ಇವೆರಡೂ ಕಾಲಿನ ಒಳಮೈಯಲ್ಲಿವೆ, ನೀವು ಹಾಕಿರುವುದು ಬರೀ ಹೊರಮೈ ಫೋಟೋ. ಮುಂದಿನ ರೆಕ್ಕೆಯ ಹೊರ ಅರ್ಧದ ಅಡ್ಡನರಗಳು ಮುಜಂಟಿಯಲ್ಲಿ ಮಾಸಿರುತ್ತವೆ ಅಥವಾ ಇರುವುದೇ ಇಲ್ಲ. ಮೇಲಿನಿಂದ ಬೆಳಕು ಬಿಟ್ಟರೆ ಮಾಸಿದ ನರವೂ ಇಲ್ಲದ ನರವೂ ಒಂದೇ ಥರ ಕಾಣುತ್ತವೆ, ಕೆಳಗಿನಿಂದ ಓರೆಯಾಗಿ ಬಿಡಿ.

ಇಷ್ಟೂ ಹೊಂದಿದರೂ ಮೆಲಿಪೊನಿನಿ (ಮುಜಂಟಿಯ ಬುಡಕಟ್ಟು, ಅಂದರೆ ಹತ್ತಿರದ ಕುಲಗಳ ಗುಂಪು) ಅಂತ ಬರೆಯಲು ಅವಸರ ಬೇಡ. ಬಾಲ್ಟಿಕ್ ಅಂಬರಿನಲ್ಲಿ ಪರಾಗಬುಟ್ಟಿಯಿದ್ದ, ಈಗ ಅಳಿದುಹೋದ ಬುಡಕಟ್ಟುಗಳಿವೆ: ಎಲೆಕ್ಟ್ರಾಪಿನಿ, ಎಲೆಕ್ಟ್ರೊಬಾಂಬಿನಿ, ಮೆಲಿಕರ್ಟಿನಿ. ಮೆಲಿಕರ್ಟಿನಿಯವು ಕ್ಯಾಂಬೇ ಅಂಬರಿನಲ್ಲೂ ಸಿಕ್ಕಿವೆ, 2013ರಲ್ಲೇ ವಿವರಣೆ ಬಂದಿದೆ. ನೋಡಲು ಮುಜಂಟಿಯ ಹಾಗೇ ಇರುತ್ತವೆ. ಹೋಲಿಕೆ ಮೊದಲು ಅವುಗಳ ಜೊತೆ ಆಗಲಿ. ಈಗ ಬದುಕಿರುವ ಜೇನುಗಳ ಮಾದರಿ ಬೇಕೆಂದರೆ ಬೆಂಗಳೂರಿನಲ್ಲೇ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ), ಎನ್‌ಬಿಎಐಆರ್ (ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ) ಸಂಗ್ರಹಗಳಿವೆ. ಮೊದಲೇ ಪತ್ರ ಬರೆದು ಕೇಳಿಕೊಳ್ಳಿ.

ಕೂದಲು ಕವಲೊಡೆದಿದೆ ಅಂದಿದ್ದೀರಲ್ಲ, ಅದಕ್ಕೂ ಪ್ರಶ್ನೆಚಿಹ್ನೆ ಹಾಕಿ. ಕೂದಲಿಗೆ ಅಂಟಿದ ಸಣ್ಣ ಗುಳ್ಳೆ, ಶಿಲೀಂಧ್ರದ ಎಳೆ, ಎಲ್ಲವೂ ಕವಲಿನ ಹಾಗೆ ಕಾಣುತ್ತವೆ. ಸ್ಟ್ಯಾಕ್ ಮಾಡಿದ (ಬೇರೆ ಬೇರೆ ಆಳದ ಫೋಟೋಗಳನ್ನು ಒಂದಾಗಿಸಿದ) ಚಿತ್ರ ನೋಡಿ ಕವಲು ಅಂತ ತೀರ್ಮಾನಿಸಬೇಡಿ. ಬೇರೆ ಬೇರೆ ಆಳದ ಎರಡು ಕೂದಲು ಅಡ್ಡ ಹಾಯ್ದರೂ ಅಲ್ಲಿ ಕವಲಾಗಿ ಕೂರುತ್ತದೆ. ಒಂದೊಂದೇ ಬಿಡಿ ಫ್ರೇಮ್ ನೋಡಿ. ಸ್ಟ್ಯಾಕ್ ಮಾಡುವ ಸಾಫ್ಟ್‌ವೇರಿನಲ್ಲಿ ಕೂದಲಿಗೆ ಝೆರೀನಿನ ಪಿಮ್ಯಾಕ್ಸ್ ಅಥವಾ ಹೆಲಿಕಾನಿನ ಸಿ ವಿಧಾನ. ಡೆಪ್ತ್ ಮ್ಯಾಪ್ ವಿಧಾನ ಕೂದಲನ್ನು ತಿಂದುಹಾಕುತ್ತದೆ. ಎರಡರಲ್ಲಿ ಯಾವುದು ಮೇಲು ಅಂತ ಇಲ್ಲಿ ಜಗಳ ಬೇಡ, ನನಗೆ ಝೆರೀನ್ ಹಿಡಿಸುತ್ತದೆ. ಬರ್ಮಾ ಅಂಬರಿನ ಮೆಲಿಟ್ಟೊಸ್ಫೆಕ್ಸ್ ಬರ್ಮೆನ್ಸಿಸ್ 2006ರಲ್ಲಿ ಅತಿ ಹಳೆಯ ಜೇನು ಅಂತ ದೊಡ್ಡ ಸುದ್ದಿ ಮಾಡಿತು, ಅಲ್ಲೂ ಕವಲು ಕೂದಲು ಮುಖ್ಯ ಆಧಾರವಾಗಿತ್ತು. 2021ರಲ್ಲಿ ಅದನ್ನು ಕಣಜದ ಕಡೆಗೆ ತಳ್ಳಿದರು. ಸ್ಟ್ರಾಶಿಲಾ ಅನ್ನುವ ಪಳೆಯುಳಿಕೆ ಹುಳದ ಕಥೆ ಇನ್ನೂ ಮಜಾ: 1992ರಲ್ಲಿ ಚಿಗಟದಂಥ ರಕ್ತ ಹೀರುವ ಪರಾವಲಂಬಿ ಅಂದರು, ಚೀನಾದ ದಾವೊಹುಗೌದಲ್ಲಿ ಇನ್ನೂ ಚೆನ್ನಾಗಿರುವ ಮಾದರಿಗಳು ಸಿಕ್ಕಮೇಲೆ 2013ರಲ್ಲಿ ನೀರಿನ ನೊಣ ಅಂತ ಗೊತ್ತಾಯಿತು. ಒಂದು ವಿಚಿತ್ರ ಲಕ್ಷಣ ಹಿಡಿದು ಇಡೀ ಜೀವನಕ್ರಮ ಊಹಿಸಿದರೆ ಹೀಗೇ ಆಗುತ್ತದೆ.

'ಭಾರತ ಆಗ ದ್ವೀಪ, ಹಾಗಾಗಿ ಹೊಸ ಕುಲವೇ ಇರಬೇಕು' ಅನ್ನುವ ನಿಮ್ಮ ವಾದ ತೆಗೆದುಬಿಡಿ. ಊರು, ವಯಸ್ಸು ಡಯಾಗ್ನೋಸಿಸ್ (ಬೇರೆ ಹುಳಗಳಿಂದ ಪ್ರತ್ಯೇಕಿಸುವ ಲಕ್ಷಣಗಳ ವಿವರ) ಆಗುವುದಿಲ್ಲ. ಅದೂ ಅಲ್ಲದೆ 2010ರಲ್ಲಿ ಇದೇ ಕ್ಯಾಂಬೇ ಅಂಬರಿನ ಹುಳಗಳನ್ನು ಒಟ್ಟಾಗಿ ನೋಡಿದಾಗ ಕಂಡದ್ದು ಉಲ್ಟಾ: 14 ಗಣಗಳು, 55 ಕುಟುಂಬಗಳು, ಅವುಗಳಲ್ಲಿ ಯುರೋಪು, ಏಷ್ಯಾದ ನಂಟುಗಳು ಬೇಕಾದಷ್ಟು.

ಅಳತೆ ಬಗ್ಗೆ. ತುಣುಕಿನ ಉಬ್ಬಿದ ಮೈ ಮೂಲಕ ಅಳೆದ ಸಂಖ್ಯೆಗೆ ಬೆಲೆ ಇಲ್ಲ. ಅಳೆಯುವ ಭಾಗಕ್ಕೆ ಸಮಾನಾಂತರವಾಗಿ ಒಂದು ಚಪ್ಪಟೆ ಮುಖ ಉಜ್ಜಿ. ಮೊದಲು ಎಪಾಕ್ಸಿಯಲ್ಲಿ ಕೂರಿಸಿ, ಕ್ಯಾಂಬೇ ಅಂಬರ್ ಪುಡಿಪುಡಿ ಆಗುವ ಜಾತಿ. ಎಪೊಟೆಕ್ 301-2 ಅನ್ನುವ ಎಪಾಕ್ಸಿ ಒಳ್ಳೆಯದು: ತೂಕದಲ್ಲಿ 100 ಭಾಗ ರೆಸಿನ್‌ಗೆ 35 ಭಾಗ ಹಾರ್ಡನರ್, ನಿರ್ವಾತದಲ್ಲಿ ಗುಳ್ಳೆ ತೆಗೆದು, ಕೋಣೆಯ ಬಿಸಿಯಲ್ಲೇ ಎರಡು ದಿನ ಬಿಡಿ, ಓವನ್ ಬೇಡ. ಅದರ ವಕ್ರೀಭವನ ಸೂಚ್ಯಂಕ 1.53, ಅಂಬರಿನದು 1.54, ಅದಕ್ಕೇ ಬಿರುಕುಗಳು ಮಾಯವಾಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಎರಡು ಟ್ಯೂಬಿನ ಅಂಟು ಬೇಡವೇ ಬೇಡ. ಗಟ್ಟಿ, ಗುಳ್ಳೆ ಹಿಡಿಯುತ್ತದೆ, ವರ್ಷ ಕಳೆದಂತೆ ಹಳದಿ ತಿರುಗುತ್ತದೆ. ಉಜ್ಜಲು ನೀರು ಕಾಗದ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) 600, 1000, 2000, ಆಮೇಲೆ 4000, ಪ್ರತಿ ಹಂತಕ್ಕೂ ನೀರು ಬದಲಿಸಿ. ಹುಳದ ಮೇಲೆ ಅರ್ಧ ಮಿಲಿಮೀಟರ್ ಉಳಿಯುವಾಗ ನಿಲ್ಲಿಸಿ. ಅಂಬರಿನೊಳಗೆ ಆಳ ಕಡಿಮೆ ಕಾಣುತ್ತದೆ, ಮೈಕ್ರೋಸ್ಕೋಪಿನ ಫೋಕಸ್ ಗುಂಡಿಯಲ್ಲಿ ಅಳೆದ ಆಳವನ್ನು 1.54ರಿಂದ ಗುಣಿಸಿದರೆ ನಿಜದ ಆಳ. ಓರೆಯಾಗಿ ಮಲಗಿದ ಕಾಲಿನ ಉದ್ದ ಬರೆಯುವಾಗಲೂ ಇದು ನೆನಪಿರಲಿ. ಗೀರು ಮರೆಯಾಗಲು ಒಂದು ಹನಿ ಗ್ಲಿಸರಿನ್, ಮೇಲೆ ಕವರ್‌ಸ್ಲಿಪ್. ಕೆಲಸ ಮುಗಿದಮೇಲೆ ನೀರಲ್ಲಿ ಹೋಗುತ್ತದೆ. ಲವಂಗದೆಣ್ಣೆ, ಸೀಡರ್ ಎಣ್ಣೆ ಹಾಕಬೇಡಿ. ಕೈ ಪಳಗಿಲ್ಲದಿದ್ದರೆ ಧೂಪದ ಮರದ ರಾಳದ ಮೇಲೆ ಮೊದಲು ಉಜ್ಜಿ ಅಭ್ಯಾಸ ಮಾಡಿ.

ಉಜ್ಜುವ ಮುಂಚೆ ತುಣುಕಿನ ಎಲ್ಲ ಬದಿಯ ಫೋಟೋ ಬೇಕು. ಜೊತೆಯಲ್ಲಿ ಸಿಕ್ಕಿಕೊಂಡ ಸಣ್ಣ ನೊಣ, ಪರಾಗ, ಮರದ ಕೂದಲು ಎಲ್ಲ ಬರೆದಿಡಿ. ತುಂಡು ಮಾಡಿದರೆ ಪ್ರತಿ ತುಂಡಿಗೂ ಒಂದೇ ನಂಬರಿನ ಎ, ಬಿ, ಸಿ. ಹುಳದ ಬಣ್ಣವನ್ನು ಡಯಾಗ್ನೋಸಿಸ್ಸಿನಲ್ಲಿ ಹಾಕಬೇಡಿ, ರಾಳದಲ್ಲಿ ಬಣ್ಣ ಬದಲಾಗಿರುತ್ತದೆ. ಮೈಕ್ರೊ ಸಿಟಿ (ಸೂಕ್ಷ್ಮ ಎಕ್ಸ್‌ರೇ ಸ್ಕ್ಯಾನ್) ಮಾಡಿಸುವವರು ಫೋಟೋ ಕೆಲಸ ಪೂರ್ತಿ ಮುಗಿಸಿಯೇ ಹೋಗಿ; ಅದರಲ್ಲಿ ರೆಕ್ಕೆಯ ನರ ಸರಿಯಾಗಿ ಬರುವುದಿಲ್ಲ, ಸಿಂಕ್ರೊಟ್ರಾನ್ (ಬಹಳ ಪ್ರಬಲ ಎಕ್ಸ್‌ರೇ) ಆದರೆ ಅಂಬರ್ ಕಪ್ಪಾಗುವುದೂ ಉಂಟು.

ಕೊನೆಗೆ ಹೆಸರು. ಇಲ್ಲಿ ಪೋಸ್ಟ್ ಹಾಕಿದರೆ ಹೆಸರು ಇಟ್ಟ ಹಾಗೆ ಆಗುವುದಿಲ್ಲ. ಪ್ರಾಣಿ ನಾಮಕರಣ ಸಂಹಿತೆಯ ಪ್ರಕಾರ ಹೊಸ ಪ್ರಭೇದ ಅಂತ ಸ್ಪಷ್ಟ ಘೋಷಣೆ, ಬೇರೆ ಪ್ರಭೇದಗಳಿಂದ ಹೇಗೆ ಭಿನ್ನ ಅಂತ ಮಾತಿನಲ್ಲಿ ಬರೆದ ವಿವರ, ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದೇ ಮಾದರಿ) ಯಾವುದು, ಅದು ಯಾವ ಸಂಗ್ರಹದಲ್ಲಿ, ಯಾವ ಊರಿನಲ್ಲಿ ಇರುತ್ತದೆ, ಇಷ್ಟೂ ಬೇಕು. ಆನ್‌ಲೈನ್ ಪತ್ರಿಕೆಯಾದರೆ ಝೂಬ್ಯಾಂಕ್ (ಪ್ರಾಣಿ ಹೆಸರುಗಳ ಅಧಿಕೃತ ನೋಂದಣಿ ತಾಣ) ನೋಂದಣಿ ಆಗಿರಬೇಕು, ಅದರ ಪುರಾವೆ ಮತ್ತು ಪ್ರಕಟಣೆಯ ದಿನಾಂಕ ಲೇಖನದೊಳಗೇ ಇರಬೇಕು. ಪ್ರಿಪ್ರಿಂಟ್ (ಪ್ರಕಟಣೆಗೆ ಮುಂಚಿನ ಕರಡು) ಲೆಕ್ಕಕ್ಕಿಲ್ಲ. ಮಾದರಿಯನ್ನು ಮನೆಯ ಶೋಕೇಸಿನಲ್ಲಿ ಇಟ್ಟುಕೊಂಡು ಹೋಲೋಟೈಪ್ ಅಂದರೆ ಒಳ್ಳೆಯ ಪತ್ರಿಕೆ ಯಾವುದೂ ಒಪ್ಪುವುದಿಲ್ಲ. ಕ್ಯಾಂಬೇ ಅಂಬರಿನ ಹಲವು ಹೋಲೋಟೈಪುಗಳು ಲಖನೌದ ಬೀರಬಲ್ ಸಾಹ್ನಿ ಪಳೆಯುಳಿಕೆ ಅಧ್ಯಯನ ಸಂಸ್ಥೆಯಲ್ಲಿವೆ, ಅಲ್ಲಿಗೇ ಬರೆಯಿರಿ. ಅಮ್ಮನ ಹೆಸರಿಡಲು ಅಡ್ಡಿಯಿಲ್ಲ, ಆದರೆ ಹೆಸರಿನ ಕೊನೆಗೆ ನೀವು ಹಾಕಿದ 'ಐ' (i) ಗಂಡಸರಿಗೆ. ಹೆಂಗಸರಿಗೆ ಎ ಮತ್ತು ಇ ಸೇರಿದ ಕೊನೆ (ae) ಬರಬೇಕು. ಸದ್ಯಕ್ಕೆ ಆ ಹೆಸರನ್ನು ಪೋಸ್ಟಿನಿಂದ ತೆಗೆದು, ಹಿಂಗಾಲಿನ ಒಳಮೈ ಫೋಟೋ ಹಾಕಿ. ಸ್ಕೇಲ್ ಇರಲಿ, ಅದೂ ಹುಳದ ಆಳದಲ್ಲೇ ಫೋಕಸ್ ಮಾಡಿ ತೆಗೆದ ಚಿತ್ರದ ಮೇಲೆ.