ಉದಾರವಾದ ಹಳೆಯದಾಯಿತೇ?

ಪ್ರಶ್ನೆ: ಉದಾರವಾದ ಅಂದರೆ ಮುಕ್ತ ಮಾರುಕಟ್ಟೆ ಅಂತ ಕೆಲವರು ಹೇಳುತ್ತಾರೆ. ಬಡವರಿಗಾಗಿ ಸರ್ಕಾರ ಖರ್ಚು ಮಾಡಲಿ ಅನ್ನುವವರನ್ನೂ ಉದಾರವಾದಿ ಅಂತಲೇ ಕರೀತಾರೆ. ಎರಡೂ ಹೇಗೆ ಸರಿ? 300 ವರ್ಷದ ಹಿಂದಿನ ಈ ವಿಚಾರ ಇವತ್ತು ಯಾಕೆ ಬೇಕು?

ಉತ್ತರ: ಈ ಗೊಂದಲ ಸಹಜ, ಯಾಕೆಂದರೆ ಆ ಪದವೇ ಸುಮಾರು ಕೈ ದಾಟಿ ಬಂದಿದೆ. ರಾಜಕೀಯದಲ್ಲಿ ಒಂದು ಬಣಕ್ಕೆ ಈ ಹೆಸರು ಬಿದ್ದದ್ದು 1810ರ ನಂತರ, ಸ್ಪೇನಿನ ಕಾದಿಸ್ ನಗರದಲ್ಲಿ ಸಂವಿಧಾನ ಬರೆಯಲು ಸೇರಿದವರಲ್ಲಿ ರಾಜನ ಕೈ ಕಟ್ಟಬೇಕು ಅಂದವರಿಗೆ.

ವಿಚಾರ ಇನ್ನೂ ಹಳೆಯದು. ಧರ್ಮದ ಹೆಸರಿನಲ್ಲಿ ಯೂರೋಪಿನ ಜನ ತಲೆಮಾರುಗಟ್ಟಲೆ ಹೊಡೆದಾಡಿ ಸತ್ತಿದ್ದರು. 1689ರಲ್ಲಿ ಇಂಗ್ಲೆಂಡಿನ ಚಿಂತಕ ಜಾನ್ ಲಾಕ್ ಹೇಳಿದ್ದು ಇಷ್ಟೇ: ನಂಬಿಕೆಯನ್ನು ಬಲವಂತವಾಗಿ ಯಾರ ಮನಸ್ಸಿಗೂ ತುರುಕೋಕೆ ಆಗಲ್ಲ, ಹಾಗಾಗಿ ಅದು ಸರ್ಕಾರದ ಕೆಲಸವೇ ಅಲ್ಲ. ಆಳುವವನಿಗೆ ಅಧಿಕಾರ ಬರುವುದು ಜನರ ಒಪ್ಪಿಗೆಯಿಂದ, ಅವನು ಜನ ಇಟ್ಟ ವಿಶ್ವಾಸಕ್ಕೆ ದ್ರೋಹ ಮಾಡಿದರೆ ಇಳಿಸುವ ಹಕ್ಕೂ ಜನರದ್ದೇ. ಕಾನೂನು ಮಾಡುವ, ಜಾರಿ ಮಾಡುವ, ತೀರ್ಪು ಕೊಡುವ ಮೂರು ಕೆಲಸವೂ ಒಂದೇ ಕೈಗೆ ಹೋಗಬಾರದು ಅಂತ 1748ರಲ್ಲಿ ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ಸೇರಿಸಿದ.

ಇನ್ನು ಮಾರುಕಟ್ಟೆ. 1776ರಲ್ಲಿ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ ಸಿಟ್ಟಾಗಿದ್ದು ಸರ್ಕಾರದ ಕೃಪೆಯಿಂದ ಇಡೀ ವ್ಯಾಪಾರವನ್ನೇ ಗುತ್ತಿಗೆ ಹಿಡಿದ ಕಂಪನಿಗಳ ಮೇಲೆ. ಆಮೇಲೆ ಕಾರ್ಖಾನೆಗಳು ಬಂದವು. ಹಸಿದವನು ಸಿಕ್ಕ ಕೂಲಿಗೆ ಹ್ಞೂಂ ಅಂದರೆ ಅದು ಸ್ವತಂತ್ರ ಒಪ್ಪಿಗೆ ಆಗುತ್ತಾ? ಈ ಪ್ರಶ್ನೆ ಉದಾರವಾದಿಗಳನ್ನೇ ಒಡೆಯಿತು. ಬ್ರಿಟನ್ನಿನ ಲಿಬರಲ್ (ಉದಾರವಾದಿ) ಪಕ್ಷದ ಸರ್ಕಾರ 1908ರಲ್ಲಿ ವೃದ್ಧಾಪ್ಯ ಪಿಂಚಣಿ, 1911ರಲ್ಲಿ ಕಾಯಿಲೆ ಮತ್ತು ನಿರುದ್ಯೋಗಕ್ಕೆ ವಿಮೆ ತಂದಿತು. ನೀವು ಹೇಳಿದ ಎರಡೂ ಗುಂಪು ಒಂದೇ ಮನೆಯ ದಾಯಾದಿಗಳು ಅಲ್ವಾ? ಒಬ್ಬರಿಗೆ ಸರ್ಕಾರದ ಭಯ ಜಾಸ್ತಿ, ಇನ್ನೊಬ್ಬರಿಗೆ ಧಣಿಯ ಭಯ.

ಈ ಮನೆಯ ಕಲೆಗಳನ್ನು ಮುಚ್ಚಿಡಬಾರದು. ಲಾಕ್ ಹೇಳಿದ ಸಹನೆಯಲ್ಲಿ ನಾಸ್ತಿಕರಿಗೆ ಜಾಗ ಇರಲಿಲ್ಲ, ಗುಲಾಮರ ವ್ಯಾಪಾರ ಮಾಡುವ ಕಂಪನಿಯಲ್ಲಿ ಅವನ ಹಣವೂ ಇತ್ತು. 19ನೇ ಶತಮಾನದ ಬ್ರಿಟಿಷ್ ಉದಾರವಾದಿ ಚಿಂತಕ ಜಾನ್ ಸ್ಟುವರ್ಟ್ ಮಿಲ್ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ನೌಕರ, ‘ಹಿಂದುಳಿದ’ ಸಮಾಜಗಳಿಗೆ ಸ್ವಾತಂತ್ರ್ಯದ ತತ್ವ ಅನ್ವಯಿಸಲ್ಲ ಅಂತ ಬರೆದ. ಓದುವಾಗ ನನಗೆ ಇವತ್ತಿಗೂ ನೋವಾಗುತ್ತದೆ. ಆದರೆ ಹೊರಗೆ ಉಳಿದವರು ಅದೇ ಸ್ವಾತಂತ್ರ್ಯದ ಮಾತನ್ನು ಎತ್ತಿಕೊಂಡು ಬಾಗಿಲು ತಟ್ಟಿದರು. 1789ರಲ್ಲಿ ಫ್ರಾನ್ಸ್ ಮನುಷ್ಯನ ಹಕ್ಕುಗಳನ್ನು ಸಾರಿತು, ಎರಡೇ ವರ್ಷದಲ್ಲಿ ಒಲಿಂಪ್ ದ ಗೂಜ್ ಎಂಬಾಕೆ ಹೆಂಗಸರ ಹಕ್ಕುಗಳ ಘೋಷಣೆ ಬರೆದಳು. 1793ರಲ್ಲಿ ಅವಳ ತಲೆ ಕಡಿದರು.

ಇವತ್ತಿಗೆ ಯಾಕೆ ಬೇಕು ಅಂತ ಕೇಳಿದಿರಿ. ಸರ್ಕಾರ ಒಂದೇ ಅಲ್ಲ, ನೆರೆಹೊರೆಯವರ ಒತ್ತಡವೂ ಮನುಷ್ಯನನ್ನು ಹಿಂಡುತ್ತದೆ ಅಂತ 1859ರಲ್ಲೇ ಮಿಲ್ ಹೆದರಿದ್ದ. ಈಗ ಆ ನೆರೆಹೊರೆ ಫೋನಿನೊಳಗೇ ಬಂದು ಕೂತಿದೆ. ಒಂದು ಮಾತು ಬರೆದು, ಯಾಕೆ ಸುಮ್ನೆ ತೊಂದರೆ ಅಂತ ಅಳಿಸಿಬಿಡುತ್ತೇವಲ್ಲ, ಅವನು ಹೆದರಿದ್ದು ಅದಕ್ಕೇ.

ಪ್ರಶ್ನೆ: ಜನರೇ ಆರಿಸಿದ ಸರ್ಕಾರಕ್ಕೆ ಮಿತಿ ಯಾಕೆ?

ಉತ್ತರ: ಸೋತವರು ನಾಳೆ ಗೆಲ್ಲುವ ದಾರಿ ತೆರೆದಿರಬೇಕು, ಅದಕ್ಕೆ. 1867ರಲ್ಲಿ ಹೆಂಗಸರಿಗೂ ಮತ ಕೊಡಿ ಅಂತ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಕೇಳಿದ. ಪರವಾಗಿ ಬಿದ್ದದ್ದು 73 ಮತ, ವಿರೋಧ 196. ಅಲ್ಲಿನ ಹೆಂಗಸರಿಗೆ ಗಂಡಸರಷ್ಟೇ ಮತದ ಹಕ್ಕು ಸಿಕ್ಕಿದ್ದು 1928ರಲ್ಲಿ. ನಡುವಿನ 61 ವರ್ಷ ಆ ಸೋತ ಮಾತನ್ನು ಸಭೆಯಲ್ಲಿ, ಪತ್ರಿಕೆಯಲ್ಲಿ, ಬೀದಿಯಲ್ಲಿ ಮತ್ತೆ ಮತ್ತೆ ಹೇಳುವವರಿದ್ದರು. ಕೆಲವರು ಜೈಲಿಗೂ ಹೋಗಿ ಬಂದರು, ಹೊರಗೆ ಬಂದು ಮತ್ತೆ ಅದನ್ನೇ ಹೇಳಿದರು.