ವಕೀಲರು ಬೇಕು ಅಂತ ಮೊದಲ ದಿನವೇ ಕೇಳಿ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಹೊರಗಿನಿಂದ ಬಂದವರು, ಪೊಲೀಸರು, ವಕೀಲರು. ನಾನು ನಗರದ ಒಂದು ನಾಗರಿಕ ಹಕ್ಕುಗಳ ಗುಂಪಿನ ಜೊತೆ ಕೆಲಸ ಮಾಡುವವಳು. ಹಾಗಾಗಿ ಯಾರ ಪಕ್ಷವೂ ನನ್ನದಲ್ಲ ಅಂತ ಸುಮ್ನೆ ನಾಟಕ ಆಡುವುದಿಲ್ಲ.

ಪ್ರಶ್ನೆ: ಸರ್ಜಾಪುರ ರಸ್ತೆ ಕಡೆ ನಮ್ಮದೊಂದು ಜಾಗವಿದೆ ಮೇಡಂ. ಶೆಡ್ ಹಾಕಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಬಂಗಾಳಿ ಮಾತಾಡುವವರೇ ಜಾಸ್ತಿ. ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ, ಹೌಸ್‌ಕೀಪಿಂಗ್ ಮಾಡುತ್ತಾರೆ. ಸ್ಟೇಷನ್‌ನಿಂದ ಬಂದವರು 'ಇವರೆಲ್ಲ ಬಾಂಗ್ಲಾದವರು, ವಾರದೊಳಗೆ ಖಾಲಿ ಮಾಡಿಸಿ' ಅಂತ ಹೇಳಿಹೋದರು. ನಾನೀಗ ಏನು ಮಾಡಲಿ?

ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ. ಯಾವ ಕಾನೂನು, ಯಾವ ಕಲಂ, ಯಾರ ಆದೇಶ, ಇಷ್ಟು ಕಾಗದದಲ್ಲಿ ಬರಲಿ. ಯಾರದಾದರೂ ದಾಖಲೆ ಪರಿಶೀಲಿಸುವ ಅಧಿಕಾರ ಪೊಲೀಸರಿಗೆ ಇದೆ, ಅದಕ್ಕೆ ಅಡ್ಡ ಬರಬೇಡಿ. ಆದರೆ ಮನೆ ಖಾಲಿ ಮಾಡಿಸುವುದು ಬೇರೆಯೇ ಕೆಲಸ.

ನಿಮ್ಮ ಕಡೆಯೇ ಇದು ಒಮ್ಮೆ ನಡೆದಿದೆ, ನೆನಪಿದೆಯಾ? 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಇದೇ 'ಬಾಂಗ್ಲಾದವರು' ಅನ್ನುವ ಮಾತಿನ ಮೇಲೆ ಶೆಡ್‌ಗಳನ್ನು ಕೆಡವಿದರು. ಆಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್, ವೋಟರ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು ನಿಂತವರ ಸೂರೇ ಹೋಗಿತ್ತು. ಪಿಯುಸಿಎಲ್, ಅಂದರೆ 1976ರಲ್ಲಿ ಜಯಪ್ರಕಾಶ್ ನಾರಾಯಣ್ ಶುರು ಮಾಡಿದ ನಾಗರಿಕ ಹಕ್ಕುಗಳ ಸಂಘಟನೆ, ಹೈಕೋರ್ಟ್‌ಗೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ಕೊಟ್ಟಿತು. ಅಲ್ಲೂ ಜಾಗದ ಮಾಲೀಕರಿಗೆ ಪೊಲೀಸರಿಂದ ನೋಟಿಸ್ ಹೋಗಿತ್ತು ಅನ್ನುವುದನ್ನು ಗಮನಿಸಿ. ಮಾಲೀಕರ ಕೈಯಲ್ಲೇ ಕೆಲಸ ಮಾಡಿಸಿದರೆ ಜವಾಬ್ದಾರಿ ಅವರ ತಲೆಗೇ ಬರುತ್ತದೆ, ಅಲ್ವಾ?

ಹಾಗಾಗಿ ನೀವೇ ಕರೆಂಟ್ ಕೀಳುವುದು, ನೀರು ನಿಲ್ಲಿಸುವುದು ಮಾಡಬೇಡಿ. ಬಾಡಿಗೆದಾರರ ಹೆಸರು, ಗುರುತಿನ ಚೀಟಿಯ ಜೆರಾಕ್ಸ್, ಬಾಡಿಗೆ ಕೊಟ್ಟ ಲೆಕ್ಕ ಒಂದು ಫೈಲಿನಲ್ಲಿ ಇರಲಿ. ಶೆಡ್‌ಗೆ ಅನುಮತಿ ಇಲ್ಲದಿದ್ದರೆ ಅದು ನಿಮ್ಮ ಮತ್ತು ಪಾಲಿಕೆಯ ನಡುವಿನ ಮಾತು. ಅದನ್ನು ಅವರ ಪೌರತ್ವದ ಜೊತೆ ಕಲಸಬೇಡಿ.

ಪ್ರಶ್ನೆ: ನಮ್ಮ ಮನೆ ಕೆಲಸದ ಹುಡುಗಿಯ ಗಂಡನನ್ನು ವಿಚಾರಣೆ ಅಂತ ಸ್ಟೇಷನ್‌ಗೆ ಕರೆದುಕೊಂಡು ಹೋದರು. ಎರಡು ದಿನ ಬಿಡಲಿಲ್ಲ, ಕೋರ್ಟ್‌ಗೂ ಕರೆದುಕೊಂಡು ಹೋಗಲಿಲ್ಲ. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ವಕೀಲರಿಗೆ ಕೊಡೋಕೆ ದುಡ್ಡೂ ಇಲ್ಲ. ನಾನು ಏನಾದರೂ ಮಾಡಬಹುದಿತ್ತಾ? (ಜೆ.ಪಿ. ನಗರ)

ಮಾಡಬಹುದಿತ್ತು. ದುಡ್ಡಿಲ್ಲದೆಯೂ ಮಾಡಬಹುದಿತ್ತು.

ಸಂವಿಧಾನದ 22ನೇ ವಿಧಿ ಹೇಳುವುದು ಇಷ್ಟು: ಬಂಧಿಸಿದರೆ ಕಾರಣ ಹೇಳಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. 'ಇದು ಅರೆಸ್ಟ್ ಅಲ್ಲ, ಬರೀ ವಿಚಾರಣೆ' ಅಂತ ಎರಡು ದಿನ ಕೂರಿಸಿಕೊಳ್ಳುವುದು ಹಳೇ ಚಾಳಿ. ಹಾಗಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಅರೆಸ್ಟ್ ಅಲ್ಲದಿದ್ದರೆ ಮನೆಗೆ ಹೋಗಬಹುದಾ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಂ ಪ್ರಕಾರ ಬಂಧಿತರು ವಿಚಾರಣೆಯ ವೇಳೆಯಲ್ಲೂ ವಕೀಲರನ್ನು ಭೇಟಿ ಮಾಡಬಹುದು. ವಿಚಾರಣೆ ಮುಗಿಯುವವರೆಗೂ ವಕೀಲರು ಪಕ್ಕದಲ್ಲೇ ಕೂರುವಂತಿಲ್ಲ, ಅಷ್ಟೆ.

ಭಾಷೆಯ ವಿಷಯ ನೀವು ಎತ್ತಿದ್ದು ಒಳ್ಳೆಯದಾಯಿತು. ಬಂಗಾಳಿ ಮಾತ್ರ ಗೊತ್ತಿರುವವನ ಹತ್ತಿರ ಕನ್ನಡದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಕಾರಣ ತಿಳಿಸಿದ ಹಾಗಾಗುವುದಿಲ್ಲ. ಬಂಧನದ ಕಾರಣವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಮತ್ತೆ ಖಡಾಖಂಡಿತವಾಗಿ ಹೇಳಿದೆ.

ಇನ್ನು ದುಡ್ಡಿನ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಹೆಂಗಸರು, ಮಕ್ಕಳು, ಕಸ್ಟಡಿಯಲ್ಲಿರುವವರು ಎಲ್ಲ ಬರುತ್ತಾರೆ. ಇವರಿಗೆ ಆದಾಯದ ಲೆಕ್ಕ ಅಡ್ಡ ಬರುವುದಿಲ್ಲ. ಅಂದರೆ ಗಂಡನಿಗೂ ಸಿಗುತ್ತಿತ್ತು, ಅವಳಿಗೂ ಸಿಗುತ್ತಿತ್ತು. ಸಹಾಯವಾಣಿ 15100. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ನೀವು ಜೊತೆಗೆ ಹೋಗಿ ನಿಂತರೆ ಅರ್ಧ ಕೆಲಸ ಆಗುತ್ತದೆ. ಅವಳು ಒಬ್ಬಳೇ ಹೋದಾಗ ಸಿಗುವ ಉತ್ತರವೇ ಬೇರೆ, ನೀವು ಜೊತೆಗಿದ್ದಾಗ ಸಿಗುವ ಉತ್ತರವೇ ಬೇರೆ. ಬೇಜಾರಿನ ವಿಷಯ, ಆದರೆ ನಿಜ.

ಪ್ರಶ್ನೆ: ಈ ದೇಶದವರೇ ಅಲ್ಲದವರಿಗೆ ನಮ್ಮ ತೆರಿಗೆ ದುಡ್ಡಿನಲ್ಲಿ ವಕೀಲರು ಯಾಕೆ? (ರಾಜಾಜಿನಗರ)

ಈ ದೇಶದವರೋ ಅಲ್ಲವೋ ಅಂತ ತೀರ್ಮಾನ ಆಗಬೇಕಾಗಿರುವುದೇ ಅಲ್ಲಿ ಸ್ವಾಮಿ! ವಕೀಲರಿಲ್ಲದೆ ಅದು ಹೇಗೆ ತೀರ್ಮಾನ ಆಗುತ್ತದೆ ಅನ್ನುವುದಕ್ಕೆ ಮೇಲಿನ ಶೆಡ್‌ಗಳ ಕಥೆ ನೋಡಿ. ವಿದೇಶಿಯರ ಕಾನೂನಿನಲ್ಲಿ ತಾನು ವಿದೇಶಿ ಅಲ್ಲ ಅಂತ ಸಾಬೀತು ಮಾಡುವ ಭಾರ ಆ ವ್ಯಕ್ತಿಯ ಮೇಲೇ ಇದೆ. 2025ರ ಹೊಸ ಕಾಯ್ದೆಯಲ್ಲೂ ಅದು ಹಾಗೇ ಉಳಿದಿದೆ. ಹಾಗಂತ ಕಂಡಕಂಡವರನ್ನು ಹಿಡಿದು 'ಸಾಬೀತು ಮಾಡು' ಅನ್ನುವಂತಿಲ್ಲ, ಮೊದಲು ಸರ್ಕಾರದ ಹತ್ತಿರ ಏನಾದರೂ ಆಧಾರ ಇರಬೇಕು ಅಂತ 2024ರಲ್ಲಿ ಅಸ್ಸಾಮಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ವಿದೇಶಿಯೇ ಅಂತ ಆದರೂ ಸಂವಿಧಾನದ 14 (ಕಾನೂನಿನ ಮುಂದೆ ಸಮಾನತೆ) ಮತ್ತು 21ನೇ ವಿಧಿಯ (ಜೀವ, ಸ್ವಾತಂತ್ರ್ಯದ ಹಕ್ಕು) ರಕ್ಷಣೆ ಇದ್ದೇ ಇದೆ. ಮಾತು, ಸಂಚಾರದಂಥ 19ನೇ ವಿಧಿಯ ಸ್ವಾತಂತ್ರ್ಯಗಳಾದರೆ ಪೌರರಿಗೆ ಮೀಸಲು. ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ತಪ್ಪು ಮಾಡಿದವರನ್ನು ವಾಪಸ್ ಕಳಿಸಬೇಡಿ ಅಂತ ಯಾರೂ ಹೇಳುತ್ತಿಲ್ಲ. ಕಾನೂನಿನ ದಾರಿಯಲ್ಲಿ ಕಳಿಸಿ ಅಂತ ಕೇಳುತ್ತಿದ್ದೇವೆ.

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನಮ್ಮ, ಎಚ್-1ಬಿ ವೀಸಾ. ದಿನಾ ಟಿವಿ ನೋಡಿ ಎದೆ ಢವಢವ ಅನ್ನುತ್ತೆ. ಅಲ್ಲಿ ಹಿಡಿದುಕೊಂಡು ಹೋದರೆ ಸರ್ಕಾರವೇ ವಕೀಲರನ್ನು ಕೊಡುತ್ತಂತೆ, ಹೌದಾ? (ಮಲ್ಲೇಶ್ವರ)

ಅಮ್ಮಾ, ಅರ್ಧ ಹೌದು. ಕ್ರಿಮಿನಲ್ ಕೇಸಾದರೆ ದುಡ್ಡಿಲ್ಲದವರಿಗೆ ಅಲ್ಲಿನ ಸರ್ಕಾರ ವಕೀಲರನ್ನು ಕೊಡಲೇಬೇಕು. ಅದು ಅಲ್ಲಿನ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪಿನಿಂದ ಬಂದ ನಿಯಮ. ಆದರೆ ವಲಸೆ ಕೋರ್ಟಿನ ಕೇಸುಗಳನ್ನು ಸಿವಿಲ್ ಅಂತ ಲೆಕ್ಕ ಹಾಕುತ್ತಾರೆ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳಬಹುದು, ಖರ್ಚು ಮಾತ್ರ ತಮ್ಮದೇ. ಈ ಕೊರತೆಯ ವಿರುದ್ಧವೇ ಅಲ್ಲಿನ ಸಂಘಟನೆಗಳು ಊರೂರಲ್ಲಿ ಒತ್ತಾಯ ಮಾಡುತ್ತಿರುವುದು. ನ್ಯೂಯಾರ್ಕ್ ನಗರ 2013ರಲ್ಲಿ, ವಲಸೆ ಬಂಧನದಲ್ಲಿದ್ದವರಿಗೆ ಸಾರ್ವಜನಿಕ ಹಣದಲ್ಲಿ ವಕೀಲರನ್ನು ಕೊಡುವ ಕಾರ್ಯಕ್ರಮ ಶುರು ಮಾಡಿತು. 1920ರಿಂದ ಇರುವ ಎಸಿಎಲ್‌ಯು ಅನ್ನುವ ಸಂಘಟನೆ 'ನಿಮ್ಮ ಹಕ್ಕು ತಿಳಿಯಿರಿ' ಅಂತ ಕೈಪಿಡಿಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಬಾಗಿಲಿಗೆ ಬಂದವರ ಹತ್ತಿರ ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಇದೆಯಾ ಅಂತ ಕೇಳಿ, ಸುಮ್ಮನಿರುವ ಹಕ್ಕು ಬಳಸಿ, ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಬೇಡಿ ಅನ್ನುತ್ತದೆ ಅದು.

ಮಗನಿಗೆ ಇಷ್ಟು ಹೇಳಿ: ವೀಸಾಕ್ಕೆ ಸಂಬಂಧಿಸಿದ ದಾಖಲೆ ಸದಾ ಜೊತೆಗಿರಲಿ, ಮನೆ ಬದಲಾಯಿಸಿದರೆ 10 ದಿನದೊಳಗೆ ತಿಳಿಸಲಿ, ಒಬ್ಬ ವಲಸೆ ವಕೀಲರ ನಂಬರ್ ಬಾಯಿಪಾಠ ಇರಲಿ (ಫೋನನ್ನು ಕಿತ್ತುಕೊಳ್ಳಬಹುದು). ಹಿಡಿದರೆ ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳುವ ಹಕ್ಕು ಕಾನ್ಸುಲೇಟ್‌ಗಳ ಬಗ್ಗೆ ದೇಶಗಳು ಮಾಡಿಕೊಂಡ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ನೀವು ಟಿವಿ ಸ್ವಲ್ಪ ಕಮ್ಮಿ ನೋಡಿ. ಆಮೇಲೆ ಹಿಂದಿನ ಪ್ರಶ್ನೆ ಕೇಳಿದ ರಾಜಾಜಿನಗರದವರು ಪರಿಚಯದವರಾಗಿದ್ದರೆ ಒಂದು ಸಲ ಮಾತಾಡಿಸಿ.

ಪ್ರಶ್ನೆ: ಕಾನೂನು ಓದುತ್ತಿದ್ದೇನೆ, ನಿಮ್ಮಂಥ ಗುಂಪಿಗೆ ಸೇರಬೇಕು ಅಂತ ಆಸೆ. ಆದರೆ ಇಂಥ ಕೇಸು ತೆಗೆದುಕೊಂಡರೆ ಬಾರ್‌ನಲ್ಲಿ ಬೇರೆ ವಕೀಲರೇ ದೂರ ಇಡುತ್ತಾರೆ ಅಂತಾರೆ.

ಕೆಲವರು ಇಡುತ್ತಾರೆ, ಸುಳ್ಳು ಯಾಕೆ ಹೇಳಲಿ. 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಕೇಸಿನಲ್ಲಿ ಸಿಕ್ಕಿದ್ದ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಾದಿಸಬಾರದು ಅಂತ ವಕೀಲರ ಸಂಘವೇ ನಿರ್ಣಯ ಮಾಡಿತ್ತು. ಹೈಕೋರ್ಟ್ ಅದನ್ನು ತರಾಟೆಗೆ ತೆಗೆದುಕೊಂಡಿತು. ಇಂಥ ನಿರ್ಣಯಗಳಿಗೆ ಬೆಲೆಯೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿಯಾಗಿತ್ತು.

ಕೆಲಸದಲ್ಲಿ ಟಿವಿಯಲ್ಲಿ ಕಾಣುವ ವಾದ ಕಮ್ಮಿ, ಜೆರಾಕ್ಸ್ ಜಾಸ್ತಿ. ಶೆಡ್‌ನಿಂದ ಶೆಡ್‌ಗೆ ಹೋಗಿ ದಾಖಲೆ ನೋಡಬೇಕು, ರಾತ್ರಿ ಸ್ಟೇಷನ್‌ಗೆ ಫೋನ್ ಮಾಡಬೇಕು, ಬೆಳಿಗ್ಗೆ ರಿಮ್ಯಾಂಡ್ ಸಮಯಕ್ಕೆ, ಅಂದರೆ ಬಂಧಿತರನ್ನು ಮ್ಯಾಜಿಸ್ಟ್ರೇಟ್ ಮುಂದೆ ತರುವ ಹೊತ್ತಿಗೆ, ವಕಾಲತ್ತು ಹಿಡಿದುಕೊಂಡು ಕೋರ್ಟಿನಲ್ಲಿರಬೇಕು. ಬಂಗಾಳಿ ಅಥವಾ ಅಸ್ಸಾಮಿ ಬರುತ್ತಾ ನಿಮಗೆ? ಬಂದರೆ ನಿಮ್ಮ ಡಿಗ್ರಿ ಮುಗಿಯುವವರೆಗೂ ಕಾಯಬೇಕಿಲ್ಲ, ಮುಂದಿನ ವಾರವೇ ಬನ್ನಿ.

ಪ್ರಶ್ನೆ: ಆಫ್ರಿಕಾದ ವಿದ್ಯಾರ್ಥಿಗೆ ಮನೆ ಬಾಡಿಗೆಗೆ ಕೊಡಬಹುದಾ? ಪಕ್ಕದ ಮನೆಯವರು ಕಾನೂನಿನಲ್ಲಿ ಇಲ್ಲ ಅನ್ನುತ್ತಾರೆ. (ಹೆಣ್ಣೂರು)

ಧಾರಾಳವಾಗಿ ಕೊಡಿ. ಪಾಸ್‌ಪೋರ್ಟ್, ವೀಸಾ ನೋಡಿ, ಎಲ್ಲರೂ ಸಿ ಫಾರಂ ಅಂತ ಕರೆಯುವ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಿ. ಗೊಂದಲ ಇದ್ದರೆ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ವಿದೇಶಿಯರ ನೋಂದಣಿ ಕಚೇರಿಯಲ್ಲಿ ವಿಚಾರಿಸಿ. ಪಕ್ಕದ ಮನೆಯವರ ಅನುಮತಿ ಬೇಕು ಅಂತ ಯಾವ ಫಾರಂನಲ್ಲೂ ಇಲ್ಲ.