ಸಾಲ ಇರುವಾಗ ದಶಮಾಂಶ ಕೊಡದಿದ್ದರೆ ಶಾಪ ಬರುತ್ತದಾ?

ಇಲ್ಲ, ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಭಯವೇ ಜಾಸ್ತಿ ಕಾಣುತ್ತಿದೆ. ಸಾಲದ ಕಂತು, ಅಮ್ಮನ ಔಷಧಿ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಆದರೂ ಸಂಬಳದ ಹತ್ತನೇ ಒಂದು ಪಾಲನ್ನು, ಅಂದರೆ ದಶಮಾಂಶವನ್ನು, ಸಭೆಗೆ (ಚರ್ಚ್‌ಗೆ) ಕೊಡದವನು ದೇವರನ್ನೇ ದೋಚಿದ ಹಾಗೆ ಅಂತ ಪಾಸ್ಟರ್ ಹೇಳಿದರು ಅಂತ ಬರೆದಿದ್ದೀರಿ.

ಅದು ಬೈಬಲಿನ ಮಲಾಕಿ ಪುಸ್ತಕದ 3ನೇ ಅಧ್ಯಾಯದ ಮಾತು. ಅದನ್ನು ಯಾರಿಗೆ, ಯಾಕೆ ಹೇಳಿದ್ದು ಅಂತಲೂ ನೋಡಬೇಕಲ್ವಾ? ಇಸ್ರಾಯೇಲಿನಲ್ಲಿ ಲೇವಿಯರಿಗೆ, ಅಂದರೆ ದೇವಾಲಯದ ಸೇವೆ ಮಾಡುವ ಕುಲದವರಿಗೆ, ಬೇರೆ ಕುಲದವರ ಹಾಗೆ ಭೂಮಿಯ ಪಾಲು ಸಿಗಲಿಲ್ಲ. ಉಳಿದವರು ಕೊಡುವ ದಶಮಾಂಶವೇ ಅವರ ಜೀವನ. ಅದು ನಿಂತುಹೋದಾಗ ಅವರು ದೇವಾಲಯದ ಸೇವೆ ಬಿಟ್ಟು ಹೊಲದ ಕೆಲಸಕ್ಕೆ ಹೋಗಿಬಿಟ್ಟರು ಅಂತ ನೆಹೆಮೀಯ 13ರಲ್ಲಿದೆ.

ಧರ್ಮೋಪದೇಶಕಾಂಡ 14ನ್ನು ಒಮ್ಮೆ ನಿಧಾನವಾಗಿ ಓದಿ, ದಯವಿಟ್ಟು. ಅಲ್ಲಿ ಕೊಟ್ಟವನೇ ತನ್ನ ಮನೆಯವರ ಜೊತೆ ದೇವರ ಮುಂದೆ ಕೂತು ತನ್ನ ದಶಮಾಂಶವನ್ನು ಊಟ ಮಾಡುತ್ತಾನೆ! ದಾರಿ ದೂರವಾದರೆ ಧಾನ್ಯ ಮಾರಿ ಬೆಳ್ಳಿ ಕಟ್ಟಿಕೊಂಡು ಹೋಗಿ, ಅಲ್ಲಿ ದನವೋ ಕುರಿಯೋ ದ್ರಾಕ್ಷಾರಸವೋ ಮನಸ್ಸಿಗೆ ಬಂದದ್ದನ್ನು ಕೊಂಡು ಸಂತೋಷಪಡಬಹುದು. ಮೂರು ವರ್ಷಕ್ಕೊಮ್ಮೆ ಅದೇ ಪಾಲು ಊರಲ್ಲೇ ಉಳಿಯಬೇಕು, ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆತುಂಬ ಉಣ್ಣುವುದಕ್ಕೆ. ಇಲ್ಲದವನ ಕೈಯಿಂದ ಕಿತ್ತುಕೊಳ್ಳುವ ನಿಯಮ ಎಲ್ಲಿದೆ ಹೇಳಿ?

ಯೇಸು ಫರಿಸಾಯರಿಗೆ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯರ ಪಂಗಡದವರಿಗೆ) ದಶಮಾಂಶ ಬಿಡಿ ಅಂತೇನೂ ಹೇಳಲಿಲ್ಲ, ನಿಜ (ಮತ್ತಾಯ 23). ಆದರೆ ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಅಂದು ಕೈತೊಳೆದುಕೊಳ್ಳುವವರನ್ನು ಮಾರ್ಕ 7ರಲ್ಲಿ ನೇರವಾಗಿ ಖಂಡಿಸಿದ್ದಾನೆ. ನಿಮ್ಮ ಅಮ್ಮನ ಔಷಧಿ ಮೊದಲು. ಬಡ ವಿಧವೆಯೊಬ್ಬಳು ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆ ಹಾಕಿದ ಕಥೆ (ಮಾರ್ಕ 12) ಹೇಳಿ ಯಾರಾದರೂ ಒತ್ತಾಯ ಮಾಡಿದರೆ, ಅದರ ಸ್ವಲ್ಪ ಮೇಲೆಯೇ ವಿಧವೆಯರ ಮನೆ ನುಂಗುವವರ ಬಗ್ಗೆ ಇರುವ ಮಾತನ್ನೂ ತೋರಿಸಿ.

ಕ್ರೈಸ್ತ ಸಭೆಯಲ್ಲಿ ದಶಮಾಂಶ ಕಡ್ಡಾಯವಾದದ್ದು ತುಂಬಾ ತಡವಾಗಿ. 585ರಲ್ಲಿ ಈಗಿನ ಫ್ರಾನ್ಸಿನ ಮಾಕೋನ್‌ನಲ್ಲಿ ಸೇರಿದ ಬಿಷಪ್‌ಗಳು ಕೊಡದವರನ್ನು ಸಭೆಯಿಂದ ಹೊರಗಿಡಿ ಅಂದರು, ಆಮೇಲೆ 8ನೇ ಶತಮಾನದಲ್ಲಿ ರಾಜರು ಅದನ್ನು ಕಾನೂನೇ ಮಾಡಿದರು. ಇವತ್ತು ಕ್ಯಾಥೋಲಿಕ್ ಸಭೆಯ ಕಾನೂನು ಕೂಡ ಸಭೆಯ ಅಗತ್ಯಗಳಿಗೆ ನೆರವಾಗಿ ಅನ್ನುತ್ತದೆ, ಇಷ್ಟೇ ಪಾಲು ಅಂತ ಹೇಳುವುದಿಲ್ಲ.

ಕೊಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಕೊಡುತ್ತೇನೆ, ಇಷ್ಟಪಟ್ಟು ಕೊಡುತ್ತೇನೆ. ಪೌಲನು 2 ಕೊರಿಂಥ 8ರಲ್ಲಿ ಹೇಳುವುದು ಇರುವುದರಲ್ಲಿ ಕೊಡಿ ಅಂತ, ಇಲ್ಲದ್ದನ್ನು ಕೊಡಿ ಅಂತಲ್ಲ. ಅದೇ ಅಧ್ಯಾಯದಲ್ಲಿ, ಯಾರೂ ಬೆರಳು ತೋರಿಸಬಾರದು ಅಂತ, ಸಂಗ್ರಹವಾದ ಕಾಣಿಕೆಯ ಹಣದ ಜೊತೆ ಹೋಗುವುದಕ್ಕೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನೂ ಸೇರಿಸಿಕೊಳ್ಳುತ್ತಾನೆ. ಹಾಗಾಗಿ ನಿಮ್ಮ ಸಭೆಯ ಲೆಕ್ಕಪತ್ರ ಕೇಳುವುದಕ್ಕೆ ಸಂಕೋಚಪಡಬೇಡಿ. ಇನ್ನೊಂದು ಮಾತು, ಅಪೊಸ್ತಲರ ಕೃತ್ಯಗಳು 4ರಲ್ಲಿ ಕಾಣಿಕೆಯ ಹಣವನ್ನು ಕೊರತೆಯಿದ್ದವರಿಗೇ ಹಂಚುತ್ತಿದ್ದರು. ಸಾಲದ ವಿಷಯ ಪಾಸ್ಟರ್ ಹತ್ತಿರ ಮುಚ್ಚಿಡದೆ ಹೇಳಿ, ಬೇಕಿದ್ದರೆ ಸಭೆಯಿಂದ ಸಹಾಯವನ್ನೂ ಕೇಳಿ.